ತಿರುಗಿಸದ ತಟ್ಟೆ

"ಕಿಟಕಿ ಮೇಲಿರೋ ಕೈ ಅಲ್ಲೇ ಇರ್ಲಿ. ಅಲ್ಲಾಡಿದ್ರೆ ಪೊಲೀಸರನ್ನ ಕರೀತೀನಿ."

ಹಾಗೆಂದ ತ್ರಿನಿಯ ಕೈಯಲ್ಲಿದ್ದದ್ದು ಚಾಕಲೇಟು ಕಡೆಯುವ ಮರದ ಕಡೆಗೋಲು. ಅದರ ತುದಿಯಿಂದ ಬಿಸಿ ಚಾಕಲೇಟು ತೊಟ್ಟಿಕ್ಕುತ್ತಿತ್ತು... ಅದೂ ಬೆಳಗ್ಗೆಯಷ್ಟೇ ಅವಳು ತೆಂಗಿನ ಸಿಪ್ಪೆಯಲ್ಲಿ ಉಜ್ಜಿ ಕನ್ನಡಿ ಮಾಡಿದ್ದ ಹಲಗೆ ನೆಲದ ಮೇಲೆ.

ಅಪರಿಚಿತ ಅಲ್ಲಾಡಲಿಲ್ಲ. ಅಲ್ಲಾಡುವ ಸ್ಥಿತಿಯಲ್ಲೂ ಇರಲಿಲ್ಲ. ದಿಮಾಯುಗಾ ಮನೆತನದ ಮನೆಯ ನೂರೈವತ್ತು ವರ್ಷದ ಚಿಪ್ಪಿನ ಕಿಟಕಿಯ ಇಡೀ ಪಡಿಯೊಂದನ್ನು ಅವನು ಎರಡೂ ತೋಳುಗಳಲ್ಲಿ ತಬ್ಬಿ ನಿಂತಿದ್ದ. ಕಾಗದದಷ್ಟು ತೆಳುವಾದ ಕಡಲಚಿಪ್ಪುಗಳನ್ನು ಸೋಸಿ ಬಂದ ಬಿಸಿಲು ಅವನ ಮುಖದ ಮೇಲೆ ಹಾಲು ಚೆಲ್ಲಿದ ಹಾಗಿತ್ತು.

"ಕರೀರಿ," ಎಂದ ಅವನು. "ಅವರು ಬರೋವರೆಗೆ ಈ ಕಡೆ ಒಂಚೂರು ಹಿಡ್ಕೋತೀರಾ? ತುಂಬ ಭಾರ ಇದೆ."

ಕಳ್ಳನೊಬ್ಬ ಹೀಗೆ ಸಹಾಯ ಕೇಳಬಹುದೆಂದು ತ್ರಿನಿಗೆ ಯಾರೂ ಹೇಳಿರಲಿಲ್ಲ. ಕಡೆಗೋಲನ್ನು ಕಂಕುಳಲ್ಲಿ ಇರುಕಿ, ಅವಳು ಹೋಗಿ ಹಿಡಿದುಕೊಂಡಳು.

ಅಡುಗೆಮನೆಯಿಂದ ಅಜ್ಜಿಯ ದನಿ ಬಂತು. "ತ್ರಿನಿ, ಹೇಳೋದು ಮರ್ತೆ. ಕಿಟಕಿ ಸರಿಮಾಡೋಕೆ ಮನಿಲಾದಿಂದ ಮನೆ ಯಜಮಾನ್ರು ಯಾರನ್ನೋ ಕಳಿಸಿದಾರೆ. ಬಂದ್ರೆ ಒಳಗೆ ಕರ್ಕೋ."

ಕಿಟಕಿಯ ಎರಡು ತುದಿಗಳಲ್ಲಿ ನಿಂತಿದ್ದ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ಸೆವೆರಿನೊ," ಎಂದ ಅವನು. "ಮಿಂದೊರೊ ದ್ವೀಪದವನು. ರಿನೊ ಅಂದ್ರೆ ಸಾಕು. ನಿಮ್ಮ ಅಂಗಿ ಮೇಲೆಲ್ಲ ಚಾಕಲೇಟು."

ಅಯ್ಯೋ ದೇವರೇ... ನೆಲ ಬಾಯಿ ಬಿಡಬಾರದೆ ಎನ್ನಿಸಿತು ತ್ರಿನಿಗೆ.

* * *

ತಾಲ್ ಪಟ್ಟಣದ ಆ ಮನೆಯ ಕೆಳಗಿನ ಕಲ್ಲುಕೋಣೆಯಲ್ಲಿ ತ್ರಿನಿ ಹುಟ್ಟಿದ್ದಳು. ಅವಳ ಅಜ್ಜಿ ಮಿಲಿಂಗ್, ಎಲ್ಲರ ಬಾಯಲ್ಲೂ ಲೋಲಾ, ಎಂದರೆ ಅಜ್ಜಿ, ಐವತ್ತು ವರ್ಷದಿಂದ ಅಲ್ಲಿಯ ಅಡುಗೆಯವಳು. ಮನೆಯ ಒಡೆಯರು ಊರು ಬಿಟ್ಟು ಎಷ್ಟೋ ಕಾಲವಾಗಿತ್ತು. ಈಗ ಹಳೆಯ ಮನೆ ನೋಡಲು ಬರುವವರು ಮೆಟ್ಟಿಲ ಬುಡದಲ್ಲಿ ಚಪ್ಪಲಿ ಬಿಟ್ಟು ಮೇಲೆ ಬರುತ್ತಾರೆ. ತ್ರಿನಿ ಕೋಣೆ ಕೋಣೆ ತೋರಿಸುತ್ತಾಳೆ. ನಾಲ್ಕು ಗಂಟೆಗೆ ಎಲ್ಲರೂ ಉದ್ದನೆಯ ಮೇಜಿಗೆ ಕೂರುತ್ತಾರೆ. ತಾಳೆಗರಿಯಲ್ಲಿ ಸುತ್ತಿ ಬೇಯಿಸಿದ ಅಂಟಕ್ಕಿಯ ಸುಮಾನ್, ಮೇಲೆ ಕಾಯಿತುರಿ, ಜೊತೆಗೆ ನೊರೆ ಬರುವಂತೆ ಕಡೆದ ಚಾಕಲೇಟು.

"ಕೆಲಸದವನಾದ್ರೇನು, ನಾಲ್ಕು ಗಂಟೆಗೆ ಹಸಿವಾಗಲ್ವಾ? ಕೂತ್ಕೋ," ಎಂದು ಲೋಲಾ ಮೊದಲ ದಿನವೇ ರಿನೊನನ್ನೂ ಆ ಮೇಜಿಗೆ ಎಳೆದು ತಂದಳು.

ಆರು ವಾರ ಅವನು ಅದೇ ಮೂಲೆಯ ಕುರ್ಚಿಯಲ್ಲಿ ಕೂತ. ತ್ರಿನಿ ಬಂದವರಿಗೆ ದಿನವೂ ಹೇಳುತ್ತಿದ್ದ ಅವೇ ಕಥೆಗಳಿಗೆ, ಹೊಸದಾಗಿ ಕೇಳುವವನ ಹಾಗೆ ನಕ್ಕ.

"ನಿನ್ನೆ ಆ ಕನ್ನಡಿ ಭೂಕಂಪದಲ್ಲಿ ಒಡೀತು ಅಂದ್ರಿ. ಇವತ್ತು ಯುದ್ಧದಲ್ಲಿ?" ಎಂದು ಒಮ್ಮೆ ಪಿಸುಗುಟ್ಟಿದ.

"ಇವತ್ತು ಬಂದಿರೋರು ನಿವೃತ್ತ ಸೈನಿಕರು. ಅವರಿಗೆ ಭೂಕಂಪ ತೋರಿಸಿ ಏನು ಮಾಡ್ಲಿ?"

"ನಿಜವಾಗ್ಲೂ ಹೇಗೆ ಒಡೀತು?"

"ನಾನು ಏಳು ವರ್ಷದವಳಿದ್ದಾಗ ಪೊರಕೆ ತಗುಲಿ."

ಅವನು ಚಾಕಲೇಟು ನೆತ್ತಿಗೇರುವಷ್ಟು ನಕ್ಕ. ಅಂದಿನಿಂದ ನಾಲ್ಕು ಗಂಟೆ ಎಂದರೆ ತ್ರಿನಿಯ ಎದೆಗೆ ಗಡಿಯಾರವೇ ಬೇಡವಾಯಿತು.

ಆ ಮೇಜಿಗೆ ಲೋಲಾಳದೊಂದು ಕಟ್ಟಳೆಯಿತ್ತು. ಯಾರಾದರೂ ತಿನ್ನುವ ನಡುವೆ ಎದ್ದು ಪಯಣ ಹೊರಟರೆ, ಉಳಿದವರೆಲ್ಲ ತಮ್ಮ ತಮ್ಮ ತಟ್ಟೆಯನ್ನು ಒಂದು ಸುತ್ತು ತಿರುಗಿಸಬೇಕು. ಆಗ ಹೋದವರು ಕ್ಷೇಮವಾಗಿ ತಲುಪುತ್ತಾರೆ. ಬಸ್ಸಿಗೆ ಹೊತ್ತಾಯಿತೆಂದು ಯಾರೋ ಎದ್ದರೆ ಸಾಕು, ಲೋಲಾ ಚಮಚದಿಂದ ಮೇಜು ಕುಟ್ಟುತ್ತಿದ್ದಳು. "ತಟ್ಟೆ. ತಟ್ಟೆ ತಿರುಗಿಸಿ."

"ನಮ್ಮಮ್ಮನೂ ಹೀಗೇ," ಎಂದಿದ್ದ ರಿನೊ. "ಕಡಲ ದಂಡೆ ಮೇಲೆ ಒಂದು ಬಿದಿರಿನ ಮನೆ, ಒಬ್ಬಳೇ ಇರ್ತಾಳೆ. ನಾನು ಹೊರಟಾಗ ಅವಳ ತಟ್ಟೆ, ನನ್ನ ತಟ್ಟೆ, ಬೆಕ್ಕಿನ ತಟ್ಟೆ, ಮೂರನ್ನೂ ತಿರುಗಿಸ್ತಾಳೆ."

* * *

ಆ ದಿನ ಬೆಳಗಿನಿಂದಲೇ ಆಕಾಶ ತಾಮ್ರದ ಬಣ್ಣಕ್ಕೆ ತಿರುಗಿತ್ತು. ಚಂಡಮಾರುತ ನಾಳೆ ದಡ ಮುಟ್ಟುತ್ತದೆಂದು ರೇಡಿಯೊ ಹೇಳುತ್ತಿತ್ತು. ಬಂದವರು ಆರೇ ಜನ. ಅವರು ಮೇಜಿಗೆ ಕೂತಾಗ ದಿನವೂ ರಿನೊ ಮುಚ್ಚುತ್ತಿದ್ದ ಕಿಟಕಿಗಳನ್ನು ತ್ರಿನಿ ತಾನೇ ಒಂದೊಂದಾಗಿ ಎಳೆದು ಮುಚ್ಚುತ್ತ ಹೋದಳು.

ಪಡಿಯ ಅಂಚಿನಲ್ಲಿ ಸೀಮೆಸುಣ್ಣದ ಗುರುತು ಕಂಡಿತು. ಹದಿನಾಲ್ಕು.

ಪಕ್ಕದ್ದರಲ್ಲಿ ಹದಿನೈದು. ಆಮೇಲೆ ಹದಿನಾರು...



ತಾಲ್‌ನಲ್ಲಿ ಸೀಮೆಸುಣ್ಣದ ಅಂಕಿ ಎಂದರೆ ಏನೆಂದು ಎಲ್ಲರಿಗೂ ಗೊತ್ತು. ಹೋದ ವರ್ಷ ಚರ್ಚಿನ ಹಿಂದಿನ ಬೀದಿಯಲ್ಲಿದ್ದ ಹಳೆಯ ಮನೆಯ ಹಲಗೆ ಹಲಗೆಗೂ ಹೀಗೆಯೇ ಅಂಕಿ ಬಿದ್ದಿತ್ತು. ತಿಂಗಳೊಳಗೆ ಲಾರಿಗಳು ಬಂದವು. ದೂರದ ಯಾವುದೋ ಕಡಲತೀರದ ಹೋಟೆಲಿನಲ್ಲಿ ಆ ಮನೆಯನ್ನು ಅಂಕಿ ನೋಡಿ ಮತ್ತೆ ಜೋಡಿಸಿದರಂತೆ. ಇಲ್ಲಿ ಉಳಿದದ್ದು ಮೆಟ್ಟಿಲ ಕಲ್ಲು ಮಾತ್ರ.

ಹಾಗಾದರೆ... ಇವನು ಸರಿಮಾಡಲು ಬಂದವನಲ್ಲ. ಬಿಚ್ಚಲು ಬಂದವನು. ನಾಲ್ಕು ಗಂಟೆಯ ನಗು, ಬೆಕ್ಕಿನ ತಟ್ಟೆಯ ಕಥೆ, ಎಲ್ಲವೂ... ಅಜ್ಜಿಯ ಕೈಯ ಸುಮಾನ್ ತಿನ್ನುತ್ತಲೇ ಅವಳ ಸೂರಿನ ಹಲಗೆ ಎಣಿಸುತ್ತಿದ್ದನೇ?

ಅವಳು ಮೇಜಿಗೆ ಬಂದು ಕೂತಳು. "ಎಲ್ಲಾ ಎಣಿಸಿ ಆಯ್ತಾ?" ಎಂದಳು ಮೆಲ್ಲಗೆ.

ರಿನೊ ಎಲೆ ಬಿಚ್ಚುತ್ತಿದ್ದವನು ತಲೆಯೆತ್ತಿದ. "ಏನನ್ನ?"

"ಕಿಟಕಿ. ಇನ್ನು ನೆಲದ ಹಲಗೆನಾ? ಲಾರಿ ಯಾವತ್ತು ಬರುತ್ತೆ ಅಂತಾದ್ರೂ ಹೇಳಿ. ನಮ್ಮಜ್ಜಿ ಪಾತ್ರೆ ಕಟ್ಟಬೇಕು."

"ತ್ರಿನಿ, ನೀವು ಏನೋ ತಪ್ಪು..."

ಅವನ ಫೋನು ಬಡಿದುಕೊಂಡಿತು. ಕೇಳುತ್ತ ಕೇಳುತ್ತ ಅವನ ಮುಖದ ಬಣ್ಣವೇ ಇಳಿಯಿತು. ಊರಿನ ನೆರೆಯವರು. ಅಮ್ಮ ದಂಡೆಯ ಮನೆ ಬಿಟ್ಟು ಚರ್ಚಿಗೆ ಹೋಗಲು ಒಪ್ಪುತ್ತಿಲ್ಲ, ಮಗ ಬಂದರೇ ಹೊರಡುವುದು ಎಂದು ಕೂತಿದ್ದಾಳೆ.

ಅವನು ಎದ್ದ. ತಟ್ಟೆಯಲ್ಲಿ ಅರ್ಧ ಸುಮಾನ್ ಹಾಗೇ ಉಳಿದಿತ್ತು.

"ಕೊನೇ ದೋಣಿ ಆರಕ್ಕೆ. ಆಮೇಲೆ ನಿಲ್ಲಿಸ್ತಾರೆ. ತ್ರಿನಿ, ಬಂದು ಎಲ್ಲಾ ಹೇಳ್ತೀನಿ."

ಲೋಲಾ ಚಮಚ ಕುಟ್ಟಿದಳು. "ತಟ್ಟೆ."

ಆರು ಅತಿಥಿಗಳ ತಟ್ಟೆಗಳು ತಿರುಗಿದವು. ಲೋಲಾಳ ತಟ್ಟೆ ತಿರುಗಿತು. ತ್ರಿನಿ ತನ್ನ ತಟ್ಟೆಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಳು.

"ತ್ರಿನಿ," ಎಂದಳು ಲೋಲಾ.

ಅವಳು ಕದಲಲಿಲ್ಲ.

ಬಾಗಿಲಲ್ಲಿ ನಿಂತಿದ್ದ ರಿನೊ ಅವಳ ಮುಖವನ್ನಲ್ಲ, ಆ ತಟ್ಟೆಯನ್ನು ನೋಡಿದ. ಆಮೇಲೆ ಮೆಟ್ಟಿಲಿಳಿದ.

* * *

ಮರುದಿನ ಗಾಳಿ ಮನೆಯನ್ನೇ ಹೊತ್ತೊಯ್ಯುವ ಹಾಗೆ ಬಂತು. ಹಗಲೇ ಕತ್ತಲು. ಕರೆಂಟು ಹೋಗಿತ್ತು. ಆದರೆ ಒಂದು ಕಿಟಕಿಯೂ ಅಲುಗಲಿಲ್ಲ. ಪ್ರತಿ ಮಳೆಗಾಲದಲ್ಲೂ ಹಲ್ಲು ಕಡಿಯುತ್ತಿದ್ದ ಕಿಟಕಿಗಳು ಈ ಸಲ ತುಟಿ ಬಿಗಿದು ಕೂತಿದ್ದವು.

"ಎಂಥಾ ಕೆಲಸಗಾರ ನೋಡು," ಎಂದಳು ಲೋಲಾ, ಮೇಣದಬತ್ತಿ ಹಚ್ಚುತ್ತ. "ನೂರೈವತ್ತು ವರ್ಷದ ಮರ ಕಣೇ. ಒಂದೊಂದು ಪಡಿ ಒಂದೊಂದು ಥರ ಸೊಟ್ಟಗಾಗಿದೆ. ಒಂದರ ಜಾಗದಲ್ಲಿ ಇನ್ನೊಂದು ಕೂರಲ್ಲ. ಅದಕ್ಕೇ ಬಿಚ್ಚುವಾಗ್ಲೇ ಅಂಕಿ ಹಾಕ್ದ, ವಾಪಸ್ ಅದರದರ ಮನೆಗೇ ಸೇರಿಸೋಕೆ."

ತ್ರಿನಿಯ ಕೈಯಲ್ಲಿದ್ದ ಬಟ್ಟೆ ಜಾರಿತು. "ವಾಪಸ್... ಸೇರಿಸೋಕಾ?"

"ಮತ್ತೆ? ನೀನೇನು ಅಂದ್ಕೊಂಡೆ?" ಲೋಲಾ ಮೊಮ್ಮಗಳ ಮುಖ ನೋಡಿದಳು. ನೋಡುತ್ತಲೇ ಅವಳಿಗೆ ಎಲ್ಲವೂ ಹೊಳೆಯಿತು. "ಯೇಸು ಮರಿಯ ಜೋಸೆಫ್. ಲಾರಿ ಅಂದಿದ್ದು ಅದಕ್ಕಾ? ಮನೆ ಮಾರೋರು ಯಾರಾದ್ರೂ ಕಿಟಕಿ ರಿಪೇರಿ ಮಾಡಿಸ್ತಾರೇನೇ, ಪೆದ್ದಿ?"

"ನಂಗೆ ಯಾಕೆ ಹೇಳ್ಲಿಲ್ಲ ಲೋಲಾ?"

"ಹೇಳೋಕೆ ಇದೊಂದೇ ಇದ್ಯಾ? ಅವನ ಕೆಲಸ ಮುಗಿದೇ ಹತ್ತು ದಿನ ಆಯ್ತು. ದಿನಾ ಬೆಳಗ್ಗೆ ಮೂವತ್ತೊಂದನೇ ಕಿಟಕಿ ಬಿಚ್ತಾನೆ, ಸಂಜೆ ಅದನ್ನೇ ಹಾಕ್ತಾನೆ. ನಾನು ಕೇಳ್ದೆ, ಆ ಕಿಟಕಿಗೆ ಏನಪ್ಪಾ ಕಾಯಿಲೆ ಅಂತ. ಕಿವಿ ಕೆಂಪಗೆ ಮಾಡ್ಕೊಂಡು ಮೊಳೆ ಹುಡುಕೋಕೆ ಹೋದ."

ಮೂವತ್ತೊಂದನೆಯದು ಮೇಜಿನ ಪಕ್ಕದ ಕಿಟಕಿ. ತ್ರಿನಿ ಕಥೆ ಹೇಳಲು ನಿಲ್ಲುವ ಜಾಗದ ಎದುರಿನದು.



ತ್ರಿನಿ ರಿನೊಗೆ ಫೋನು ಹಚ್ಚಿದಳು. ಸಂಪರ್ಕ ಸಿಗುತ್ತಿಲ್ಲ ಎಂದಿತು ಹೆಂಗಸಿನ ದನಿ. ಮತ್ತೆ ಹಚ್ಚಿದಳು. ಅದೇ ದನಿ, ಅದೇ ಸಮಾಧಾನ. ಹತ್ತನೆಯ ಸಲ ಅವಳಿಗೆ ಆ ಕಾಣದ ಹೆಂಗಸಿನ ಕಾಲು ಹಿಡಿಯಬೇಕೆನ್ನಿಸಿತು.

ಮಧ್ಯಾಹ್ನ ರೇಡಿಯೊ ಕೊರಕೊರ ಎನ್ನುತ್ತಲೇ ಹೇಳಿತು. ನಿನ್ನೆ ಸಂಜೆ ಆರಕ್ಕೆ ಬಂದರು ಬಿಟ್ಟ ಮಿಂದೊರೊ ದೋಣಿ ದಡ ಸೇರಿಲ್ಲ. ಅದರಿಂದ ಯಾವ ಮಾತೂ ಬಂದಿಲ್ಲ.

ತ್ರಿನಿ ಬಾಗಿಲಿಗೆ ಓಡಿದಳು. ಎಲ್ಲಿಗೆ ಹೋಗುವುದು? ಬೀದಿಯಲ್ಲಿ ಮರಗಳು ಅಡ್ಡ ಬಿದ್ದಿದ್ದವು, ಜನ ಸಾಗಿಸುವ ಜೀಪ್ನಿಗಳು ಓಡುತ್ತಿರಲಿಲ್ಲ, ಬಂದರು ಮುಚ್ಚಿತ್ತು. ಬಂದರಿಗೆ ಹೋದರೂ ಕಡಲನ್ನು ಏನೆಂದು ಕೇಳುವುದು? ಮೆಟ್ಟಿಲ ಬುಡದಲ್ಲಿ ಅವನ ಕೆಲಸದ ಚಪ್ಪಲಿಗಳು ಜೋಡಿಯಾಗಿ ನಿಂತಿದ್ದವು. ಅವುಗಳನ್ನು ಎತ್ತಿ, ಮಳೆ ತಾಗದ ಕಡೆ ಇಟ್ಟಳು. ಮಾಡಲು ಸಾಧ್ಯವಿದ್ದದ್ದು ಅಷ್ಟೇ.

ಅವನ ತಟ್ಟೆಯನ್ನು ಅವಳು ತೊಳೆಯಲು ಬಿಟ್ಟಿರಲಿಲ್ಲ. ಅರ್ಧ ಸುಮಾನ್ ಗಟ್ಟಿಯಾಗಿತ್ತು. ಅದರ ಎದುರು ತನ್ನ ಖಾಲಿ ತಟ್ಟೆ ಇಟ್ಟುಕೊಂಡು ಕೂತಳು.

"ಲೋಲಾ... ಒಂದು ದಿನ ತಡವಾಗಿ ತಿರುಗಿಸಿದ್ರೆ ಆಗುತ್ತಾ?"

ಲೋಲಾಗೆ ಎಲ್ಲದಕ್ಕೂ ಒಂದು ಕಥೆಯಿರುತ್ತಿತ್ತು. ಕನ್ನಡಿಗೆ, ಕಿಟಕಿಗೆ, ಮಳೆಗೆ. ಈಗ ಮಾತ್ರ ಮೊಮ್ಮಗಳ ತಲೆ ಮೇಲೆ ಕೈಯಿಟ್ಟು, "ನಂಗೊತ್ತಿಲ್ಲ ಮಗಾ," ಎಂದಳು. "ತಿರುಗಿಸು. ಸುಮ್ನೆ ಕೂರೋದಕ್ಕಿಂತ ಮೇಲು."

ತ್ರಿನಿ ತಿರುಗಿಸಿದಳು. ಒಂದು ಸುತ್ತು. ಸಾಲದೆನ್ನಿಸಿ ಇನ್ನೊಂದು. ಆಮೇಲೆ ಅವಳಿಗೆ ನಿಲ್ಲಿಸಲು ಧೈರ್ಯ ಬರಲಿಲ್ಲ. ತಟ್ಟೆಯ ಅಂಚು ಮರಕ್ಕೆ ಉಜ್ಜುವ ಸದ್ದು ಗಾಳಿಯ ಸದ್ದಿನೊಳಗೆ ಕರಗುತ್ತಿತ್ತು. *ಮನೆ ಬೇಕಾದರೆ ಹೋಗಲಿ. ಹಲಗೆಯೆಲ್ಲ ಕಿತ್ತುಕೊಂಡು ಹೋಗಲಿ. ಅವನೊಬ್ಬ ಬರಲಿ...*

* * *

ಮೂರನೆಯ ದಿನ ಬಿಸಿಲು ಬಂತು, ಏನೂ ಆಗೇ ಇಲ್ಲವೆಂಬಂತೆ. ರೇಡಿಯೊಗೆ ಬ್ಯಾಟರಿ ಮುಗಿದಿತ್ತು. ನೋಡಲು ಯಾರೂ ಬರಲಿಲ್ಲ. ಆದರೂ ನಾಲ್ಕು ಗಂಟೆಗೆ ಲೋಲಾ ಚಾಕಲೇಟು ಕಡೆದಳು, ಮೂರು ತಟ್ಟೆ ಹಾಕಿದಳು. ತ್ರಿನಿ ಆ ಮೂರನೆಯ ತಟ್ಟೆಯನ್ನು ನೋಡದೆ ಸುಮಾನ್ ಬಿಚ್ಚಿದಳು.

ಮೆಟ್ಟಿಲ ಬುಡದಲ್ಲಿ ಯಾರೋ ಕೆಮ್ಮಿದರು.

"ನನ್ನ ಚಪ್ಪಲಿ ಯಾರು ಕದ್ರು?"

ತ್ರಿನಿ ಏಳಲು ಹೋದಳು. ಅಷ್ಟರಲ್ಲಿ ರಿನೊ ಬರಿಗಾಲಲ್ಲಿ ಮೇಲೆ ಬಂದ. ಮುಖ ಉಪ್ಪುಗಾಳಿಗೆ ಸುಲಿದುಹೋಗಿತ್ತು, ಕೈಗೆ ಬಟ್ಟೆ ಸುತ್ತಿತ್ತು.

ಲೋಲಾ ಶಿಲುಬೆಯ ಗುರುತು ಮಾಡಿಕೊಂಡಳು. ಆಮೇಲೆ, "ತಣ್ಣಗಾಗುತ್ತೆ, ಕೂತ್ಕೋ," ಎಂದಳು ಗದರುವ ಹಾಗೆ. 

"ಅಮ್ಮ?" ಎಂದಳು ತ್ರಿನಿ.

"ನೆರೆಯವರು ಎತ್ಕೊಂಡು ಚರ್ಚಿಗೆ ಹಾಕಿದ್ರು. ಕಾಪಾಡೋಕೆ ಬಂದವನು ನನಗಿಂತ ಹೆಚ್ಚು ನೆನೆದಿದ್ದಾನೆ ಅಂತ ಊರಿಗೆಲ್ಲ ಹೇಳಿ ನಗ್ತಿದಾಳೆ." ಅವನು ಕುರ್ಚಿ ಎಳೆದುಕೊಂಡ. "ನಮ್ಮ ದೋಣಿ ಒಂದು ಸಣ್ಣ ದ್ವೀಪದ ಮರೆಯಲ್ಲಿ ಸಿಕ್ಕಿಹಾಕ್ಕೊಂಡಿತ್ತು. ಎಲ್ಲರೂ ಜಪ ಮಾಡ್ತಿದ್ರು. ಮಾರನೇ ದಿನ ಮಧ್ಯಾಹ್ನ ಇದ್ದಕ್ಕಿದ್ದ ಹಾಗೆ ಗಾಳಿ ತಿರುಗ್ತು. ಯಾಕೆ ಅಂತ ದೋಣಿಯವನಿಗೂ ಗೊತ್ತಿಲ್ಲ."

ತ್ರಿನಿ ಅಜ್ಜಿಯನ್ನು ನೋಡಿದಳು. ಲೋಲಾ ಕಡೆದ ಚಾಕಲೇಟನ್ನೇ ಮತ್ತೆ ಕಡೆಯುತ್ತಿದ್ದಳು.

"ನೀವೂ ಜಪ ಮಾಡಿದ್ರಾ?"

"ಇಲ್ಲ. ನಾನು ನಿಮ್ಮ ತಟ್ಟೆ ಬಗ್ಗೆ ಯೋಚಿಸ್ತಿದ್ದೆ." ಅವನು ಮೇಜನ್ನು ನೋಡುತ್ತಲೇ ಹೇಳಿದ. "ವಾಪಸ್ ಬರಬೇಡ ಅಂತಾನಾ, ಇಲ್ಲಾ ಬರೀ ಕೋಪಾನಾ ಅಂತ. ಅಲೆ ಎದ್ದಾಗ್ಲೆಲ್ಲ ಅದೊಂದೇ. ಕೇಳದೆ ಸಾಯೋಕೆ ಮನಸ್ಸು ಬರ್ಲಿಲ್ಲ."

ಎರಡು ದಿನ ಒಣಗಿದ್ದ ಅವಳ ಕಣ್ಣು ಈಗ ತುಂಬಿ ಹರಿಯಿತು. "ನಾನು ತಪ್ಪು ತಿಳ್ಕೊಂಡೆ. ಅಂಕಿ ನೋಡಿ... ನಾನು..."

"ಗೊತ್ತು. ದೋಣಿಯಲ್ಲಿ ಕೂತಾಗ ಹೊಳೀತು. ತಾಲ್‌ನೋರ ಎದುರಿಗೆ ಸೀಮೆಸುಣ್ಣ ಹಿಡಿದವನು ನಾನೇ ಪೆದ್ದ."

"ಮೂವತ್ತೊಂದನೇ ಕಿಟಕಿಗೆ ಏನಾಗಿತ್ತು?"

ಅವನ ಕಿವಿ, ಲೋಲಾ ಹೇಳಿದ್ದ ಹಾಗೆಯೇ, ಕೆಂಪಾಯಿತು.

"ಅದಕ್ಕೇನೂ ಆಗಿರ್ಲಿಲ್ಲ. ಆಗಿದ್ದು ನನಗೆ. ನಿಮ್ಮನ್ನ ನೋಡದೆ ಒಂದು ದಿನ ಕಳೆಯೋಕೆ ಆಗ್ತಿರ್ಲಿಲ್ಲ. ಹೇಳೋಕೂ ಬರ್ತಿರ್ಲಿಲ್ಲ. ಕೈಗೆ ಬರೋ ಕೆಲಸ ಕಿಟಕಿ ಒಂದೇ."

ತ್ರಿನಿ ಮೂಗು ಒರೆಸಿಕೊಂಡಳು. "ನಂಗೂ ಹಾಗೇ," ಎಂದಳು ತಟ್ಟೆಗೆ ಮುಖ ಮಾಡಿ. "ಹತ್ತು ದಿನದಿಂದಲ್ಲ. ಆ ಭಾರದ ಪಡಿ ಹಿಡ್ಕೊಂಡ ದಿನದಿಂದ."

ಲೋಲಾಗೆ ಆಗಲೇ ಅಡುಗೆಮನೆಯ ಕೆಲಸವೇನೋ ನೆನಪಾಯಿತು. ಚಾಕಲೇಟಿನ ಪಾತ್ರೆಯನ್ನು ಎತ್ತಿಕೊಂಡು ಒಳಗೆ ಹೋದಳು.

ರಿನೊ ಒಂದು ಸುಮಾನ್ ತಿಂದ. ಇನ್ನೊಂದು ತಿಂದ. ಹೊರಗೆ ಬಿಸಿಲು ಇಳಿಯುತ್ತಿತ್ತು. "ಕಿಟಕಿ ಮುಚ್ಚಿ ಬರ್ಲಾ?" ಎಂದು ಅರ್ಧ ಎದ್ದ.

ಅವಳ ಕೈ ಅವನ ತೋಳಿನ ಮೇಲೆ ಬಂತು.

"ಏಳ್ಬೇಡ. ನನ್ನದಿನ್ನೂ ತಿಂದು ಆಗಿಲ್ಲ."

ಅವನು ಅವಳ ತಟ್ಟೆ ನೋಡಿದ. ಅದರಲ್ಲಿ ಉಳಿದಿದ್ದದ್ದು ಒಂದೇ ತುತ್ತು. ಅವಳು ಅದನ್ನು ಹಾಗೇ ಬಿಟ್ಟು, ಇನ್ನೊಂದು ಸುಮಾನ್ ತೆಗೆದುಕೊಂಡು, ಎಲೆಯ ಸುರುಳಿಯನ್ನು ಮೆಲ್ಲಗೆ ಬಿಚ್ಚತೊಡಗಿದಳು.

"ಎಷ್ಟು ಹೊತ್ತಾಗುತ್ತೆ?" ಎಂದ ಅವನು ಕೂರುತ್ತ.

"ಗೊತ್ತಿಲ್ಲ. ನಾನು ತುಂಬ ನಿಧಾನಕ್ಕೆ ತಿಂತೀನಿ."

"ತಿನ್ನು," ಎಂದ ರಿನೊ. "ನಾನೆಲ್ಲೂ ಹೊರಟಿಲ್ಲ."