ಬೂಷ್ಟು ಡಾಕ್ಟರು ಕೇಳಿದ ಎರಡನೇ ಬಾಟಲಿ

"ಈ ರಕ್ತ ತೆಗೆದಿದ್ದು ಯಾರು?"

ಐಸಿಯು ಬಾಗಿಲಲ್ಲಿ ನಿಂತವನ ಕೈಯಲ್ಲಿ ಕಲ್ಚರ್ ಬಾಟಲಿ ಇತ್ತು. ದನಿ ಏರಿರಲಿಲ್ಲ, ಆದರೂ ಎಲ್ಲರೂ ತಿರುಗಿ ನೋಡಿದರು. ನೆಲಮಾಳಿಗೆಯ ಲ್ಯಾಬ್ ಬಿಟ್ಟು ಮೇಲೆ ಬರುವ ಆಸಾಮಿಯೇ ಅಲ್ಲ ಅವನು. ರೋಗಿಗಳ ರಕ್ತದಲ್ಲಿ ಏನು ಬೆಳೆಯುತ್ತಿದೆ ಎಂದು ನೋಡುವುದು ಅವನ ಕೆಲಸ. ಇಡೀ ಆಸ್ಪತ್ರೆಗೆ ಅವನು 'ಬೂಷ್ಟು ಡಾಕ್ಟರು'.

"ನಾನೇ," ಎಂದಳು ನರ್ಸ್.

"ಕುತ್ತಿಗೆ ಲೈನಿಂದ ತೆಗೆದ್ರಾ?"

ಅವಳು ತಲೆ ತಗ್ಗಿಸಿದಳು.

ಕಲ್ಚರಿಗೆ, ಅಂದರೆ ಸೋಂಕು ಬೆಳೆಸಿ ನೋಡುವ ಪರೀಕ್ಷೆಗೆ, ತೋಳನ್ನೂ ಹೊಸದಾಗಿ ಚುಚ್ಚಿ ರಕ್ತ ತೆಗೆಯಬೇಕು. ಕುತ್ತಿಗೆಯ ನರಕ್ಕೆ ಔಷಧಿ ಹೋಗುವ ನಳಿಕೆಯಿಂದ, ಆ ಲೈನ್ ಒಂದರಿಂದಲೇ ತೆಗೆದರೆ, ಸಿಕ್ಕಿದ ಸೋಂಕು ಲೈನಿನದೋ ರಕ್ತದ್ದೋ ಗೊತ್ತಾಗುವುದಿಲ್ಲ. ಕಿರಿಯ ನರ್ಸುಗಳಿಗೆ ಇದನ್ನು ಬಾಯಿಪಾಠ ಮಾಡಿಸಿದವಳೇ ಅವಳು!

ಆದರೆ ಆ ಹಾಸಿಗೆಯಲ್ಲಿ ಇದ್ದದ್ದು ಅವಳ ಅಪ್ಪ. ಫ್ಲೂ ಶ್ವಾಸಕೋಶಕ್ಕೆ ಇಳಿದು, ಆಕ್ಸಿಜನ್ ಮಾಸ್ಕಿನಲ್ಲಿ ದಿನ ಕಳೆದು, ಇನ್ನೇನು ಚೇತರಿಸಿಕೊಂಡರು ಅನ್ನುವಾಗ ಜ್ವರ ಮತ್ತೆ ಏರಿತ್ತು. ಚುಚ್ಚಿ ಚುಚ್ಚಿ ಎರಡೂ ತೋಳು ನೇರಳೆ ಬಣ್ಣಕ್ಕೆ ತಿರುಗಿದ್ದವು. ಇನ್ನೊಮ್ಮೆ ಚುಚ್ಚಲು ಮಗಳ ಕೈ ಏಳಲಿಲ್ಲ.

"ತೋಳಿಂದ ಇನ್ನೊಂದು ಬಾಟಲಿ ಬೇಕು. ಈಗ್ಲೇ."

"ನಿಮ್ಮಪ್ಪ ಆಗಿದ್ರೆ ಹೀಗೆ ಚುಚ್ಚಿಸ್ತಿದ್ರಾ? ನಿಮ್ಗೆ ಮನುಷ್ಯರು ಕಾಣ್ಸಲ್ಲ, ಬರೀ ಬಾಟಲಿ ಕಾಣ್ಸುತ್ತೆ!"

ಅವನ ಮುಖ ಸಪ್ಪಗಾಯಿತು. ಬಾಟಲಿ ಹಿಡಿದು ಹೊರಟುಹೋದ.

'ಕಲ್ಲು... ಬರೀ ಕಲ್ಲು!' ಎಂದುಕೊಳ್ಳುತ್ತಲೇ ಅವಳು ಚುಚ್ಚಿದಳು. ಅಪ್ಪ ನರಳಿದರು. ಅವಳ ಕಣ್ಣು ತುಂಬಿ ಬಂತು.

ಆ ಸಂಜೆಯೇ ಅವಳನ್ನು ಬೇರೆ ವಾರ್ಡಿಗೆ ಹಾಕಿದರು. ಇದೂ ಅವನದೇ ಕೆಲಸ, ದೂರು ಕೊಟ್ಟಿದ್ದಾನೆ ಎಂದು ಅವಳಿಗೆ ಖಾತ್ರಿಯಾಯಿತು.

ಆಮೇಲೆ ಲ್ಯಾಬಿನಿಂದ ಫೋನ್ ಬಂತು. ಲ್ಯಾಬಿನವರು ಫೋನ್ ಮಾಡುವುದೇ ಕೆಟ್ಟ ಸುದ್ದಿಗೆ. ಒಳ್ಳೆಯದಾದರೆ ಅದು ಸದ್ದಿಲ್ಲದೆ ಕಂಪ್ಯೂಟರಿಗೆ ಬಂದು ಕೂರುತ್ತದೆ. ಎರಡನೇ ಬಾಟಲಿಯಲ್ಲಿ ಯೀಸ್ಟ್ ಬೆಳೆದಿತ್ತು. ಒಂದು ಬಗೆಯ ಫಂಗಸ್. ವೈರಸ್ ಸೊರಗಿಸಿ ಹೋದ ಮೈಯ ರಕ್ತಕ್ಕೇ ಅದು ಇಳಿದಿತ್ತು. ಕುತ್ತಿಗೆಯ ಲೈನ್ ಕಿತ್ತರು.

ಅಲ್ಲಿಂದ ಮುಂದೆ ದಿನಾ ರಕ್ತ ಪರೀಕ್ಷೆ. ಕೆಲಸ ಮುಗಿಸಿ ಕಾಲೆಳೆದುಕೊಂಡು ಅಪ್ಪನ ಹತ್ತಿರ ಬಂದರೆ, ಬೂಷ್ಟು ಡಾಕ್ಟರು ಅಲ್ಲೇ! ಅವಳನ್ನು ಕಂಡೊಡನೆ ಬಾಟಲಿ ಹಿಡಿದು ಎದ್ದು ಹೋಗುತ್ತಿದ್ದ. ಅವಳು ಮುಖ ತಿರುಗಿಸುತ್ತಿದ್ದಳು. ಜಗಳಕ್ಕೂ ತ್ರಾಣ ಉಳಿದಿರಲಿಲ್ಲ.

"ದೂರು ಕೊಟ್ಟಿದ್ದೂ ಸಾಲ್ದು ಅಂತ ಕಾವಲು ಬೇರೆ," ಎಂದು ಒಂದು ದಿನ ಹೆಡ್ ನರ್ಸ್ ಎದುರು ಗೊಣಗಿದಳು. ಎಲ್ಲರೂ ಅವರನ್ನು ದೊಡ್ಡಕ್ಕ ಅನ್ನುತ್ತಿದ್ದರು.

"ದೂರಾ? ಅವ್ರು ತುಟಿ ಪಿಟಕ್ ಅಂದಿಲ್ಲ ಕಣೆ. ನಿನ್ನ ತೆಗೆದಿದ್ದು ನಾನು. ಅಪ್ಪಂಗೆ ನರ್ಸಾಗಿದ್ದು ಸಾಕು, ಮಗಳಾಗಿ ಕೂತ್ಕೊಳ್ಲಿ ಅಂತ."

"ಮತ್ತೆ... ನನ್ನ ಮೊದಲ ಬಾಟಲಿ? ಅದನ್ನ ಎಸೆದೇ ಅಲ್ವಾ ಇನ್ನೊಂದು ಕೇಳಿದ್ದು?"

"ಎಸೆದ್ರು ಅಂತ ಯಾರಂದ್ರು? ಅದ್ರಲ್ಲಿ ಯೀಸ್ಟ್ ಕಂಡ ತಕ್ಷಣ ಡ್ಯೂಟಿ ಡಾಕ್ಟರ ಬೆನ್ನು ಬಿದ್ದು ಔಷಧಿ ಶುರು ಮಾಡಿಸಿದ್ರು, ಎರಡನೇದಕ್ಕೂ ಕಾಯ್ಲಿಲ್ಲ. ಈಗ ದಿನಾ ಬಂದು ನಿಮ್ಮಪ್ಪನ ತೋಳಿಗೆ ಬಿಸಿ ಬಟ್ಟೆ ಸುತ್ತಿ, ನರ ಉಬ್ಬೋವರೆಗೂ ಕೂತಿರ್ತಾರೆ. ಒಂದೇ ಸಲ ಚುಚ್ಚೋದ್ರಲ್ಲಿ ಮುಗೀಲಿ ಅಂತ."

ಅವಳು ನೇರ ಮೆಟ್ಟಿಲಿಳಿದು ಓಡಿದಳು. ಅಯ್ಯೋ, ಎಂಥ ಮಾತು ಆಡಿಬಿಟ್ಟೆ!

ನೆಲಮಾಳಿಗೆಯ ಲ್ಯಾಬಿನಲ್ಲಿ ಅವನು ಗೋಡೆಗೊರಗಿ ಕಣ್ಣು ಮುಚ್ಚಿ ಕುಳಿತಿದ್ದ. ಕಣ್ಣಿನ ಸುತ್ತ ಕಪ್ಪಾಗಿತ್ತು.

"ನನ್ನ ಕ್ಷಮಿಸ್ತೀರಾ?"

ಅವನು ದಡಬಡಿಸಿ ಎದ್ದ. "ನಾನೇ ಮೇಲೆ ಬರೋಣ ಅಂತಿದ್ದೆ. ಫೋನ್ ಮಾಡಿದ್ರೆ ಹೆದರ್ತೀರಿ ಅಂತ... ಹೊಸ ಬಾಟಲೀಲಿ ಏನೂ ಬೆಳೆದಿಲ್ಲ. ಅದರ ಹಿಂದಿಂದ್ರಲ್ಲೂ ಇಲ್ಲ. ನಿಮ್ಮಪ್ಪ ಗೆದ್ರು."

ಇಷ್ಟು ದಿನ ತಡೆದಿದ್ದ ಅಳು ಒಮ್ಮೆಲೇ ಒಡೆಯಿತು. ಅವನು ಕುರ್ಚಿ ಎಳೆದು ಕೂರಿಸಿದ.

"ನಿಮ್ಮಪ್ಪ ಮಾಸ್ಕ್ ಒಳಗಿಂದಾನೇ ಕೇಳಿದ್ರು, ಮದುವೆ ಆಗಿದೆಯೇನಪ್ಪಾ ಅಂತ."

ಅಳುತ್ತಲೇ ಅವಳಿಗೆ ನಗು ಬಂತು. "ಏನಂದ್ರಿ?"

"ನಿಮ್ಮ ಮಗಳು ನನ್ನ ಮುಖಾನೇ ನೋಡಲ್ಲ ಅಂದೆ. ಅವಳಿಗೆ ಕೋಪ ಮೂಗಿನ ತುದೀಲಿ, ನೀನೇ ಕೇಳಿ ನೋಡು ಅಂದ್ರು." ಅವನ ದನಿ ಇಳಿಯಿತು. "ಕೇಳ್ತಿದ್ದೀನಿ... ನನ್ನ ಜೊತೆ ಇರ್ತೀರಾ?"

ಅವಳು ದಣಿವಿಗೆ ಮೇಜಿನ ಮೇಲೆ ತಲೆ ಇಡಲು ಬಾಗಿದಳು.

"ಅಲ್ಲಿ ಇಡ್ಬೇಡಿ! ಲ್ಯಾಬ್ ಮೇಜು ಅದು."

"ಮತ್ತೆಲ್ಲಿ ಇಡ್ಲಿ?"

ಅವನು ತನ್ನ ಕುರ್ಚಿಯನ್ನು ಅವಳ ಪಕ್ಕಕ್ಕೆ ಸರಿಸಿದ. ಅವಳು ಅವನ ಹೆಗಲಿಗೆ ಒರಗಿದಳು.

"ಹೂಂ ಅನ್ನೋಕೂ ಶಕ್ತಿ ಇಲ್ಲ ನಂಗೆ..."

"ನಿದ್ದೆ ಮಾಡಿ. ಎದ್ದಮೇಲೆ ಹೇಳಿದ್ರಾಯ್ತು."

"ಬೇಡ. ಈಗ್ಲೇ ಕೇಳಿಸ್ಕೊಳ್ಳಿ," ಕಣ್ಣು ಮುಚ್ಚಿಕೊಂಡೇ ಅಂದಳು. "ಹೂಂ."