ಕೋಗಳಿ ಬಸ್ಸಿನ ಹುಡುಗಿಯರು

"ನಾನು ಉಚ್ಚಂಗಿ ಅಲ್ಲ ಸಿಸ್ಟರ್, ಕ್ರಾಂತಿ. ಉಚ್ಚಂಗಿ ನಮ್ಮವ್ವ."

ಕಾನ್ವೆಂಟಿನ ವಯಸ್ಸಾದ ಸಿಸ್ಟರ್ ಆಗ್ನೆಸ್ ಕ್ರಾಂತಿಯ ಕೈ ಬಿಟ್ಟರು. ಹಗರಿಬೊಮ್ಮನಹಳ್ಳಿಯ ಬಸ್‌ಸ್ಟ್ಯಾಂಡನ್ನು ಹೊಸದಾಗಿ ಕಂಡವರಂತೆ ಸುತ್ತಲೂ ನೋಡಿದರು.

"ಮತ್ತ ಉಚ್ಚಂಗಿ ಎಲ್ಲಿ? ಬಾಕಿ ಹುಡುಗ್ಯಾರು ಎಲ್ಲಿ?"

"ಅವರೆಲ್ಲಾ ಯಾವಾಗೋ ದೊಡ್ಡವರಾಗ್ಯಾರ. ನಿಮಗ ಮರ್ತೈತಿ, ಅಷ್ಟ."

"ಮಕ್ಕಳು ಕಳದಾರ," ಎನ್ನುತ್ತ ಸಿಸ್ಟರ್ ಚಲಿಸುತ್ತಿದ್ದ ಹಡಗಲಿ ಬಸ್ಸಿಗೆ ಅಡ್ಡ ನಡೆದೇಬಿಟ್ಟರು. ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ. ಕಾನ್ವೆಂಟಿನಿಂದ ಹುಡುಕಿಕೊಂಡು ಬಂದ ಸಿಸ್ಟರ್ ಲಿಲ್ಲಿ ಓಡಿ ಹೋಗಿ ಅವರನ್ನು ಹಿಡಿದುಕೊಂಡರು.

"ಗೇಟ್ ಹಾಕಿದರೆ ಅಳ್ತಾರೆ, ತೆಗೆದರೆ ಹೀಗೆ," ಎಂದರು ಲಿಲ್ಲಿ. "ಇನ್ನೊಮ್ಮೆ ಹೀಗಾದರೆ ದೂರದ ವೃದ್ಧಾಶ್ರಮಕ್ಕೇ ಕಳಿಸಬೇಕು. ಅಲ್ಲಿ ಇವರಿಗೆ ಯಾರೂ ಪರಿಚಯ ಇಲ್ಲ."

ಕ್ರಾಂತಿಯ ಮುಖ ಸಣ್ಣದಾಯಿತು.

ಅವಳ ಅವ್ವ ಉಚ್ಚಂಗೆಮ್ಮ ಕೋಗಳಿ ಬಸ್ಸಿನ ಕಂಡಕ್ಟರ್. ಎಲ್ಲರಿಗೂ ಟಿಕೆಟ್ ಕೊಟ್ಟು ಪಕ್ಕ ಬಂದು ಕೂತಾಗ ಕ್ರಾಂತಿ ನಡೆದದ್ದನ್ನೆಲ್ಲ ಹೇಳಿದಳು.

"ನಾನು ಇದ್ದದ್ದ ಹೇಳಿದೆ, ಅವ್ವಾ."

"ಹೌದವ್ವ. ಆದ್ರ ಅವರಿಗೆ ಹೆದರಿಕಿ ಆತಲ್ಲ." ಅವ್ವ ಅವಳ ಜಡೆ ಸರಿಮಾಡಿದಳು. "ಅವರ ಸಾಲಿ ಕಲಿಯೋ ಮುಂದ ನಾವು ಕೋಗಳಿ ಹುಡುಗ್ಯಾರು ಬಸ್ ಹತ್ತೋತನ ಸಿಸ್ಟರ್ ದಿನಾ ಬಂದು ನಿಂದರ್ತಿದ್ರು. ಎಲ್ಲಾ ಹತ್ತಿದ್ರಾ ಅಂತ ಕೇಳಿ, ಬಸ್ ಹೋದ ಮ್ಯಾಲೇ ವಾಪಸ್ ಹೋಗೋರು."

"ನೀನು ದಿನಾ ಕಣ್ಮುಂದ ಇರ್ತಿ. ನಿನ್ನ ಗುರ್ತು ಹಿಡಿಯಂಗಿಲ್ಲೇನು?"

"ಈ ಖಾಕಿಯಾಗ ಎಲ್ಲಿ ಹಿಡೀತಾರ. ಅವರ ಉಚ್ಚಂಗಿಗೆ ನಿನ್ನಂಗ ಎರಡು ಜಡಿ." ಅವ್ವ ನಕ್ಕಳು. ಆಮೇಲೆ ಟಿಕೆಟ್ ಮೆಷೀನನ್ನು ಸುಮ್ಮನೆ ಒರೆಸತೊಡಗಿದಳು.

ಮರುದಿನ ಅವ್ವ ಲಿಲ್ಲಿ ಅವರಿಗೆ ಹೇಳಿದಳು: "ಗೇಟ್ ಹಾಕಬ್ಯಾಡ್ರಿ. ನೀವು ಜೊತಿಗೆ ಬರ್ರಿ, ಸಾಕು. ಇಲ್ಲಿ ನಾವದೀವಿ."

ಚಹಾ ಅಂಗಡಿಯ ಗಾಳೆಪ್ಪ ನೆರಳಿಗೊಂದು ಕುರ್ಚಿ ಹಾಕಿದ. ಸಂಜೆ ಕ್ರಾಂತಿ ಕೋಗಳಿಯ ಹುಡುಗಿಯರನ್ನೆಲ್ಲ ಬಸ್ಸಿನ ಮುಂದೆ ಸಾಲಾಗಿ ನಿಲ್ಲಿಸಿದಳು.

"ಲೇ, ಇದೇನ್ ಪ್ರೇಯರ್ರೇನು?" ಎಂದು ದುರ್ಗಾ ಕಿಸಕ್ಕನೆ ನಕ್ಕಳು.

"ಸುಮ್ಕಿರಲೇ, ಬಂದ್ರು."

ಸಿಸ್ಟರ್ ಆಗ್ನೆಸ್ ಕುರ್ಚಿಯಲ್ಲಿ ಕೂರಲಿಲ್ಲ. ನೇರವಾಗಿ ಸಾಲಿನ ಬಳಿ ಬಂದರು.

"ಉಚ್ಚಂಗಿ, ಎಲ್ಲಾರೂ ಬಂದ್ರಾ?"

ಕ್ರಾಂತಿ ಬಸ್ಸಿನ ಬಾಗಿಲಲ್ಲಿದ್ದ ಅವ್ವನನ್ನು ನೋಡಿದಳು. "ಬಂದೀವಿ ಸಿಸ್ಟರ್," ಎಂದಳು.

ಹುಡುಗಿಯರು ಒಬ್ಬೊಬ್ಬರಾಗಿ ಹತ್ತಿದರು. ಸಿಸ್ಟರ್ ಕಂಡಕ್ಟರನ್ನು ಕೇಳಿದರು, "ಎಲ್ಲಾ ಹತ್ತಿದ್ರಾ?"

"ಹತ್ಯಾರ್ರಿ."

"ಉಚ್ಚಂಗಿ?"

ಅವ್ವ ಬಸ್ಸಿನೊಳಗಿದ್ದ ಕ್ರಾಂತಿಯತ್ತ ತಿರುಗಿ ನೋಡಿದಳು. "ಆಕೀನೂ ಹತ್ಯಾಳ್ರಿ ಸಿಸ್ಟರ್."

"ಹಂಗಾದ್ರ ಹೋಗ್ರಿ," ಎಂದರು ಸಿಸ್ಟರ್. ಅವರ ಮುಖ ನಿರಾಳವಾಗಿತ್ತು. ತಾವಾಗಿಯೇ ಲಿಲ್ಲಿಯ ಕೈ ಹಿಡಿದುಕೊಂಡರು.

ಅವ್ವ ಸೀಟಿ ಊದಿದಳು. ಬಸ್ಸು ಮೆಲ್ಲಗೆ ಹೊರಟಿತು. ಕ್ರಾಂತಿ ಎದ್ದು ನಿಂತು, ದಿನವೂ ಜಗಳವಾಡಿ ಹಿಡಿಯುವ ಕಿಟಕಿ ಪಕ್ಕದ ಸೀಟನ್ನು ಅವ್ವನಿಗೆ ಬಿಟ್ಟುಕೊಟ್ಟಳು.

"ಲಗೂನ ಕುಂದ್ರು," ಎಂದಳು. "ಸಿಸ್ಟರ್ ಕೈ ಬೀಸಾಕತ್ಯಾರ."