ಗೆಣ್ಣಿನ ಮೇಲೆ ಒಂದು ಇಂಚು

ಮುನ್ನೂರು ಮಾವಿನ ಗಿಡಗಳಲ್ಲಿ ಒಂದಕ್ಕೂ ತುದಿ ಉಳಿದಿರಲಿಲ್ಲ.

ನವೆಂಬರ್ ಮೊದಲ ವಾರದ ಬೆಳಿಗ್ಗೆ, ಎಂಟು ಗಂಟೆ. ಕರಜಗಿಯ ಹಮೀದಾಬೇಗಂ ಅವರ ತೋಟ. ನಾನು ಹೆಡ್ ಕಾನ್‌ಸ್ಟೇಬಲ್ ಜಾವೀದ, ಅಫಜಲಪುರ ಠಾಣೆ. ಇಪ್ಪತ್ತು ವರ್ಷದ ನೌಕರಿಯಲ್ಲಿ ಕುರಿ ಕಳವು, ಮೋಟರ್ ಕಳವು, ತಲೆ ಒಡೆದ ಜಗಳ ಎಲ್ಲ ನೋಡಿದ್ದೇನೆ. ಗಿಡಗಳ ಪಂಚನಾಮೆ ಬರೆದದ್ದು ಇದೇ ಮೊದಲು.

ಪಿಎಸ್‌ಐ ಮಹಾನಂದಾ ಮೇಡಂ ಜೀಪಿನಿಂದ ಇಳಿದವರೇ ಸಾಲುಗಳ ನಡುವೆ ನುಗ್ಗಿದರು. ಕಡಿದ ತುದಿಗಳ ಮೇಲಿದ್ದ ನೀಲಿ ಬಣ್ಣವನ್ನು ಬೆರಳಿನಿಂದ ಮುಟ್ಟಿ ನೋಡಿದರು. ಹಳೇ ತೋಟಗಳಲ್ಲಿ ಎಕರೆಗೆ ನಲವತ್ತು ಗಿಡ ಇರುತ್ತಿದ್ದವು. ಇಲ್ಲಿ ಆರುನೂರಕ್ಕೂ ಮೇಲೆ. ಹಣ್ಣು ಇಳಿದ ಮೇಲೆ, ಜೂನ್-ಜುಲೈಯಲ್ಲಿ, ಗಿಡ ಆಳೆತ್ತರ ಮೀರದಂತೆ ಸವರಬೇಕು. ಬಿಟ್ಟರೆ ತೋಟ ಹೋಗಿ ಅಡವಿಯಾಗುತ್ತದೆ.

“ಈಗ ಕಡದ್ರ ಏನಾಗ್ತದ್ರಿ?” ಮೇಡಂ ಕೇಳಿದರು.

“ಹೂ ಬಿಡೂ ತುದಿನೇ ಹೋದ್ವಲ್ರಿ. ಈ ಪಟ್ಟಿಯೊಳಗ ಈ ವರ್ಷ ಒಂದು ಕಾಯಿನೂ ಇಲ್ಲ,” ಎಂದರು ಹಮೀದಾಬೇಗಂ. ಮಗಳು ಆಯೇಶಾಳ ಹೆರಿಗೆಗೆಂದು ನಾಲ್ಕು ದಿನ ಕಲಬುರಗಿಯಲ್ಲಿದ್ದು ಅದೇ ಬೆಳಿಗ್ಗೆ ಮರಳಿದ್ದರು. ಮೊಮ್ಮಗನ ಖುಷಿ ಗೇಟಿನ ಹತ್ತಿರವೇ ಮುಗಿದಿತ್ತು.

ದೂರು ಕೊಟ್ಟವರು ಅವರ ಅಣ್ಣ ಜಹೀರುದ್ದೀನ. ಆಳಂದದ ಕಡೆ ಹೆಸರಾದ ದ್ರಾಕ್ಷಿ ತೋಟದವರು. ತಂಗಿ ಊರಲ್ಲಿಲ್ಲವೆಂದು ಎಮ್ಮೆ ನೋಡಿಕೊಳ್ಳಲು ಬಂದು ಊರೊಳಗಿನ ಮನೆಯಲ್ಲಿ ಉಳಿದಿದ್ದರು.

“ಗೇಟಿನ ಬೀಗ ಮುರದಿಲ್ರಿ ಮೇಡಂ. ಚಾವಿ ಎರಡು. ಒಂದು ತಂಗಿ ಮನ್ಯಾಗ, ಇನ್ನೊಂದು ಗಿಡ ಸವರೂ ಹುಲೆಪ್ಪನ ಕೈಯಾಗ. ಚಾಟ್ನಿ ಮಾಡಾಕ, ಅಂದ್ರ ತುದಿ ಕತ್ತರಿಸಾಕ, ಬರೋದು ಅವಗ ಒಬ್ಬನಿಗೇ. ಇನ್ನೇನು ಬೇಕು?”

ಲೆಕ್ಕ ಸರಿಯಾಗಿಯೇ ಇತ್ತು. ಇಷ್ಟು ಸರಿಯಾದ ಲೆಕ್ಕ ಕಂಡರೆ ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ.

* * *

ಬೇಲಿಯಾಚೆ ಮೇವು ಕೊಯ್ಯುತ್ತಿದ್ದ ಸಾಬಮ್ಮನನ್ನು ಕರೆದೆವು.

“ಮೂರು ದಿನ ಕತ್ತರಿ ಸಪ್ಪಳ ಕೇಳೇನ್ರಿ. ಹಗಲ ಹೊತ್ತಿನ್ಯಾಗೇ. ಮುಖಕ್ಕ ಟವೆಲ್ ಸುತ್ತಿದ್ರು.”

“ಯಾರು?”

“ಹುಲೆಪ್ಪಣ್ಣ.”

“ಮುಖ ನೋಡಿಯೇನು?”

ಸಾಬಮ್ಮ ಕುಡುಗೋಲು ಕೆಳಗಿಟ್ಟಳು. “ಇಲ್ರಿ. ಮಾವಿನ ಗಿಡಕ್ಕ ಕತ್ತರಿ ಹಚ್ಚಾವ ಹುಲೆಪ್ಪಣ್ಣ ಬಿಟ್ರ ಈ ಸೀಮ್ಯಾಗ ಮತ್ಯಾರಿದ್ದಾರ?”

ಒಬ್ಬ ಮನುಷ್ಯನಿಗೆ ಅವನ ಹೆಸರೇ ಶತ್ರುವಾಗಿ ನಿಂತಿದ್ದನ್ನು ಅಂದು ನೋಡಿದೆ.

* * *

ಕರೆಸುವ ಮೊದಲೇ ಹುಲೆಪ್ಪ ಬಂದ. ಐವತ್ತರ ಹತ್ತಿರ, ಸಣಕಲು ಆಳು. ಕೈಯಲ್ಲಿ ಫೋನು, ಮುಖದಲ್ಲಿ ರಕ್ತವಿಲ್ಲ.

“ಮೇಡಂ, ಕೊಳಕೂರದ ಅಮೀರಸಾಬರು ಫೋನ್ ಮಾಡಿ ಬರಬ್ಯಾಡ ಅಂದ್ರು. ಸೋಮವಾರದಿಂದ ಅಲ್ಲಿ ಎಳೇ ಗಿಡದ ಕೆಲಸ ಇತ್ತು. ನನ್ನ ಹಿಂದ ಎಂಟು ಮಂದಿ ಹೆಣ್ಮಕ್ಕಳು ಅದಾರ, ನಾನೇ ಕಲಿಸೇನಿ. ಇವತ್ತು ಒಂದು ತೋಟ ಮುಚ್ಚಿತು, ನಾಳೆ ಎಲ್ಲಾ ತೋಟದ ಗೇಟೂ ಮುಚ್ತಾವ.”

“ಅವರಿಗೆ ಹೇಳಿದವರು ಯಾರು?”

ಹುಲೆಪ್ಪ ಜಹೀರುದ್ದೀನರ ಕಡೆ ನೋಡಿದ.

ಮೇಡಂ ಅವನನ್ನು ಒಂದು ಗಿಡದ ಮುಂದೆ ನಿಲ್ಲಿಸಿದರು. “ಇದನ್ನ ಓದ್ರಿ.”

ಆಗ ನೋಡಬೇಕಿತ್ತು ಆ ಮನುಷ್ಯನನ್ನು. ಅಳುಕು ಎಲ್ಲಿ ಹೋಯಿತೋ! ಕಡಿದ ತುದಿಗಳ ಮೇಲೆ ಬೆರಳಾಡಿಸುತ್ತ ಹೋದ, ವೈದ್ಯರು ನಾಡಿ ನೋಡಿದ ಹಾಗೆ. ಎಡಕ್ಕೊಂದು, ಬಲಕ್ಕೊಂದು, ಮತ್ತೆ ಮುಂದಿನ ಸಾಲು.

“ಮಾವಿಗೆ ಗೆಣ್ಣಿನ ಕೆಳಗ ಕಡೀಬೇಕ್ರಿ. ಅಂದ್ರ ಚಿಗುರು ಒಂದಕ್ಕೊಂದು ದೂರ ಬರ್ತಾವ, ಬಿಸಿಲು ಒಳಗ ಬೀಳ್ತದ. ಮೇಲೆ ಕಡದ್ರ ಎಲ್ಲಾ ಒಂದೇ ಕಡೆ ಒತ್ತಿ ಕಸಬರಿಗಿ ಆಗ್ತದ. ಇಲ್ನೋಡ್ರಿ, ಎಲ್ಲಾ ಗೆಣ್ಣಿನ ಮೇಲೆ ಒಂದು ಇಂಚು ಬಿಟ್ಟು ಕಡದಾರ. ಮುನ್ನೂರು ಗಿಡದಾಗೂ ಒಂದೇ ಅಳತಿ. ಕೈ ಕಚ್ಚಾ ಅಲ್ರಿ, ಭಾಳ ಪಳಗಿದ ಕೈ. ಖರೇ ಅದು ಮಾವಿನ ಕೈ ಅಲ್ಲ.”

“ಮತ್ತ ಯಾವುದರ ಕೈ?”

“ಬಳ್ಳೀದು.”

“ಯಾರದು?”

“ಅದು ನಿಮ್ಮ ಕೆಲಸ ಅದರೀ.”

ತನ್ನ ಹೆಸರು ಕೆಡಿಸಿದ ಕೈಯನ್ನೂ ಹೊಗಳಿದನಲ್ಲ, ಅದಕ್ಕೆ ನಾನು ಮನಸ್ಸಿನಲ್ಲೇ ಸಲಾಂ ಹೊಡೆದೆ.

* * *

ಮೇಡಂ ಎಲ್ಲರನ್ನೂ ಪಂಪ್‌ಮನೆಯ ನೆರಳಿಗೆ ಕರೆದರು. ಒಣಗಿದ ಒಂದು ಕೊಂಬೆಯನ್ನು ಜಹೀರುದ್ದೀನರ ಮುಂದೆ ಹಿಡಿದು, ಹುಲೆಪ್ಪನ ಕತ್ತರಿ ಕೊಟ್ಟರು.

“ಸಾಹೇಬ್ರ, ಇದನ್ನೊಂದು ಕತ್ತರಸ್ರಿ.”

ಜಹೀರುದ್ದೀನ ಯೋಚಿಸಲಿಲ್ಲ. ಕಚಕ್. ಗೆಣ್ಣಿನ ಮೇಲೆ, ಸರಿಯಾಗಿ ಒಂದು ಇಂಚು. ಮೂವತ್ತು ವರ್ಷದ ಅಭ್ಯಾಸ ಒಡೆಯನನ್ನು ಕೇಳುವುದಿಲ್ಲ. ತುಂಡು ನೆಲಕ್ಕೆ ಬಿದ್ದ ಮೇಲೆ ಅವರ ಮುಖವೂ ಬಿತ್ತು.

“ಮೊದಲು ನಾನು ನೋಡಿದ್ದು ಮುಲಾಮು,” ಮೇಡಂ ಹೇಳಿದರು. “ಕಡದ ಗಾಯಕ್ಕೆಲ್ಲ ನೀಲಿ ಮುಲಾಮು ಹಚ್ಯಾರ. ಹಗೆತನಕ್ಕ ಕಡಿಯಾವ ಔಷಧ ಹಚ್ಚಂಗಿಲ್ಲ. ಇದು ಒಳ್ಳೇದು ಬಯಸಿದವರ ಕೆಲಸ. ಎರಡನೇದು, ಗೆಣ್ಣಿನ ಮೇಲೆ ಇಂಚು ಬಿಟ್ಟು ಕಡಿಯೂ ದ್ರಾಕ್ಷಿ ಬಳ್ಳಿ ಕೈ. ಮೂರನೇದು, ಟೈಮು. ಬ್ಯಾಸಿಗ್ಯಾಗ ಒಮ್ಮೆ, ಹಣ್ಣಿಗಂತ ಅಕ್ಟೋಬರದಾಗ ಒಮ್ಮೆ ಚಾಟ್ನಿ ಮಾಡೂದು ದ್ರಾಕ್ಷಿಗೆ. ‘ಚಾಟ್ನಿ’ ಅನ್ನೂದು ದ್ರಾಕ್ಷಿಯವರ ಮಾತು, ಹುಲೆಪ್ಪ ಮುಂಜಾನಿಂದ ಅದನ್ನ ಅಂದಿಲ್ಲ. ಅಂದವರು ನೀವು. ತಂಗಿ ಮನಿ ಗೂಟಕ್ಕಿದ್ದ ಚಾವಿನೂ ನಿಮ್ಮ ಕೈಗೆ ಸಿಗೂ ಹಂಗೇ ಇತ್ತು.”

“ಭಾಯಿಜಾನ್?” ಹಮೀದಾಬೇಗಂ ಅಣ್ಣನ ಕಡೆ ತಿರುಗಿದರು.

“ಯಾ ಅಲ್ಲಾ... ಹೋದ ವರ್ಷ ಕಾಯಿ ಕಡಿಮಿ ಬಂತು ಅಂತ ಅತ್ತಿದ್ದಿಯಲ್ಲ ಹಮೀದಾ. ಅಕ್ಟೋಬರ್ ಚಾಟ್ನಿ ಆಗಿಲ್ಲ, ಅದಕ್ಕ ಹಿಂಗ ಅಂತ ತಿಳದೆ. ನೀ ಬರೂದ್ರಾಗ ಮುಗಿಸಿ ಖುಷಿ ಪಡಿಸಬೇಕಂದೆ. ನಿನ್ನೆ ಸಂಜಿಗೆ ತೋಟಗಾರಿಕಿಯವರೊಬ್ಬರಿಗೆ ಫೋನ್ ಹಚ್ಚಿ ಕೇಳಿದಾಗ ಮಾವಿಗೆ ಈಗ ಕಡೀಬಾರದಂತ ಗೊತ್ತಾತು. ಮೂವತ್ತು ವರ್ಷ ತೋಟ ಮಾಡಿದಾವ ತಪ್ಪಿದೆ ಅಂತ ಹೇಳಾಕ ಬಾಯಿ ಬರಲಿಲ್ಲ.”

“ಹುಲೆಪ್ಪಣ್ಣನ ಹೆಸರು ಹೇಳಾಕ ಬಂತು,” ಎಂದರು ತಂಗಿ.

ಮೇಡಂ ಮಾತು ಕತ್ತರಿಸಿದರು. “ಗಿಡ ಕಡದದ್ದು ತಿಳಿಲಾರದ ತಪ್ಪು. ಸುಳ್ಳು ದೂರು ಕೊಟ್ಟದ್ದು ತಿಳದ ತಪ್ಪು. ಅದಕ್ಕ ಠಾಣೆಗೆ ಬರಬೇಕಾಗ್ತದ. ಹುಲೆಪ್ಪ, ನೀವೇನಂತೀರಿ?”

ಹುಲೆಪ್ಪ ಜಹೀರುದ್ದೀನರ ಕೈಯಿಂದ ತನ್ನ ಕತ್ತರಿ ತೆಗೆದುಕೊಂಡು ಒರೆಸಿದ.

“ಗಿಡ ಮುಂದಿನ ವರ್ಷಕ್ಕ ನಾ ಸುಧಾರಸ್ತೇನ್ರಿ. ನನ್ನ ಹೆಸರು ಅವರೇ ಸುಧಾರಸಬೇಕು. ಕಡದಲ್ಲೇ ಚಿಗುರಬೇಕ್ರಿ.”

ಜಹೀರುದ್ದೀನ ಫೋನು ತೆಗೆದರು. ಸ್ಪೀಕರ್ ಹಾಕಿದರು. ಕೊಳಕೂರದ ಅಮೀರಸಾಬರಿಗೆ ಫೋನ್ ಹತ್ತಿತು.

“ಅಮೀರಭಾಯಿ, ಮುಂಜಾನೆ ನಾ ಸುಳ್ಳು ಹೇಳಿದ್ದೆ. ಗಿಡ ಕಡದಾವ ನಾನು. ಹುಲೆಪ್ಪ ಅಲ್ಲ. ಅಂಥಾ ಕೈ ನನಗಿಲ್ಲ.”

ಆ ಕಡೆ ಅಮೀರಸಾಬರು ಎಲ್ಲ ಕೇಳಿಸಿಕೊಂಡರು. ಆಮೇಲೆ, “ಫೋನ್ ಹುಲೆಪ್ಪಗ ಕೊಡ್ರಿ.”

ಹುಲೆಪ್ಪ ಫೋನು ಇಸಿದುಕೊಂಡ. ಸೋಮವಾರ ಎಲ್ಲರನ್ನೂ ಕರೆದುಕೊಂಡು ಬಾ ಎಂದರು ಅಮೀರಸಾಬರು. ನನ್ನ ಕಣ್ಣು ಒದ್ದೆಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಹುಲೆಪ್ಪ ಫೋನನ್ನು ಬಾಯಿಯ ಹತ್ತಿರ ತಂದ.

“ಸೋಮವಾರ ಬರ್ತೇವ್ರಿ ಸಾಹೇಬ್ರ. ಒಂಬತ್ತೂ ಮಂದಿ.”